ಬೀರಮ್ಮನ ತಿರುವು

ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ನಡುವೆ ಹಾದು ಹೊಳೆ ಸೇರುವ ನಮ್ಮೂರ ಹಳೆಯ ಕಾಲುವೆಯನ್ನು ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಈ ಜಾಗಕ್ಕೆ ಬೀರಮ್ಮನ ತಿರುವು ಎನ್ನುತ್ತೀರಲ್ಲ, ತಿರುವು ಎಲ್ಲಿದೆ? ಕೇಳಲಿ, ತಪ್ಪೇನಿಲ್ಲ. ಕಾಲುವೆ ಇಲ್ಲಿ ನೂಲು ಹಿಡಿದು ತೋಡಿದಷ್ಟು ನೆಟ್ಟಗಿದೆ. ಎರಡು ಬದಿಗೆ ಚಿರೆಕಲ್ಲಿನ ಗೋಡೆ, ಕೊನೆಗೆ ಎರಡು ಕಲ್ಲುಕಂಬಗಳ ನಡುವೆ ಇಕ್ಕಟ್ಟಾದ ಬಾಯಿ, ಬಾಯಿಯ ತಳದಲ್ಲಿ ಅಡ್ಡಕ್ಕೊಂದು ಹೊಸ್ತಿಲುಗಲ್ಲು. ಈಗ ಹೂಳು ತುಂಬಿ ಏಡಿಗಳು ಸಂಸಾರ ಹೂಡಿವೆ. ಪೇಟೆಯ ಪಂಡಿತರೊಬ್ಬರು ಬಂದು, ಹಿಂದೆ ತಿರುವು ಇದ್ದು ಆಮೇಲೆ ಮುಚ್ಚಿಹೋಗಿರಬೇಕು ಎಂದು ಬರೆದುಕೊಂಡೂ ಹೋದರು. ಬರೆದುಕೊಳ್ಳಲಿ, ಪಾಪ! ಕಾಲುವೆ ಎಂದೂ ತಿರುಗಿದ್ದಲ್ಲ. ತಿರುಗಿದ್ದು ಒಂದು ದೋಣಿ.

ಹಿಂದೆ ಒಮ್ಮೆ, ಈ ಕಡೆ ರಸ್ತೆಯೇ ಇಲ್ಲದ ದಿನಗಳಲ್ಲಿ, ಜಟ್ಟಿ ಅಂಬಿಗ ಎಂಬವನೂ ಅವನ ಹೆಂಡತಿ ಬೀರಮ್ಮನೂ ಉದ್ದನೆಯ ಸಪೂರ ದೋಣಿಯೊಂದರಲ್ಲಿ ಹೊಳೆ ಕಾಲುವೆಗಳನ್ನು ಸುತ್ತುತ್ತಿದ್ದರು ಎನ್ನುತ್ತಾರೆ. ದೋಣಿಯೇ ಅವರ ಮನೆ. ಒಲೆ, ಚಾಪೆ, ತುಳಸಿಯ ಕುಂಡ ಎಲ್ಲವೂ ಅದರ ಮೇಲೆಯೇ. ಮಾಡಿಗೆ ಹೊದಿಸುವ ಹುಲ್ಲನ್ನು ಆಳೆತ್ತರ ಒಟ್ಟಿಕೊಂಡು ಊರೂರಿಗೆ ಮುಟ್ಟಿಸುವುದು ಅವರ ಕಸುಬು. ಗಂಡ ಮುಂದಿನ ತುದಿಯಲ್ಲಿ, ಯಾವಾಗಲೂ ಬಲಬದಿಗೆ ನಿಂತು, ಬಿದಿರ ಗಳ ಊರುತ್ತಿದ್ದ. ಹೆಂಡತಿ ಹಿಂದೆ ಚುಕ್ಕಾಣಿ ಹಿಡಿಯುತ್ತಿದ್ದಳು. ನಡುವೆ ಹುಲ್ಲಿನ ಗುಡ್ಡೆ. ಅವಳಿಗೆ ಅವನು ಕಾಣ. ಕೂಗಿದರೆ ದನಿಯನ್ನು ಹುಲ್ಲೇ ನುಂಗುತ್ತಿತ್ತು. ಅದಕ್ಕೆ ಹುಲ್ಲುದೋಣಿಯವರಲ್ಲಿ ಒಂದು ಪದ್ಧತಿ. ಗಂಡ ಗಳದ ಬುಡದಿಂದ ಹಲಗೆಗೆ ಒಂದು ಸಲ ಕುಟ್ಟಿದರೆ ಎಡಕ್ಕೆ, ಎರಡು ಸಲ ಕುಟ್ಟಿದರೆ ಬಲಕ್ಕೆ, ಕುಟ್ಟದಿದ್ದರೆ ನೆಟ್ಟಗೆ. ಸದ್ದು ಮರದೊಳಗೆ ಹರಿದು ಬಂದು ಅವಳ ಅಂಗಾಲಿಗೆ ಮುಟ್ಟುತ್ತಿತ್ತು. ಒಮ್ಮೆ ಬೀರಮ್ಮ ತನ್ನ ಬುದ್ಧಿಯಿಂದಲೇ ದೋಣಿ ತಿರುಗಿಸಿ ನಾಲ್ಕು ಕಟ್ಟು ಹುಲ್ಲು ನೆನೆಸಿದ್ದಳು. ಜಟ್ಟಿ ಅದನ್ನು ದೋಣಿ ನಿಲ್ಲುವ ಕಡವು ಕಡವಿನಲ್ಲೂ ಹೇಳಿ ನಗೆಯಾಡಿದ. ಅವಳಿಗೆ ಅದು ಎದೆಗೆ ನಾಟಿತು. ಇನ್ನು ಕುಟ್ಟದೆ ಚುಕ್ಕಾಣಿ ಅಲುಗಿಸಿದರೆ ಕೇಳಿ ಎಂದು ಅವಳು ಆಣೆ ಹಾಕಿಕೊಂಡಳಂತೆ.

ಆ ದಿನ ಬೆಳಿಗ್ಗೆ ಗಂಜಿಗೆ ಉಪ್ಪು ಹೆಚ್ಚಾಗಿತ್ತು. ಜಟ್ಟಿಯ ಸಿಟ್ಟು ಮೂಗಿನ ತುದಿಯಲ್ಲೇ. ಮಾತು ಬಿಟ್ಟು ಗಳ ಹಿಡಿದ. ಮಧ್ಯಾಹ್ನದ ಇಳಿತ ಶುರುವಾಗಿ, ನೀರೆಲ್ಲ ಹೊಳೆಯ ಕಡೆ ಓಡುವಾಗ ದೋಣಿ ಈ ಕಾಲುವೆಗೆ ಹೊಕ್ಕಿತು. ನಡುದಾರಿಯಲ್ಲಿ ಗಳ ಕೆಸರಿನಲ್ಲಿ ಕಚ್ಚಿಕೊಂಡಿತು. ಬಿಟ್ಟುಬಿಡಬೇಕಿತ್ತು. ಆದರೆ ಹಟಮಾರಿ, ಬಿಡಲಿಲ್ಲ! ಗಳ ಅವನನ್ನು ಕಿತ್ತು ನೀರಿಗೆ ಕೆಡವಿ, ತಾನೂ ದೋಣಿಯಡಿಗೆ ಬಾಗಿ ಮುಳುಗಿತು. ದೋಣಿಯ ಮೂತಿಯನ್ನು ಬಲಗಡೆಯಿಂದ ಎರಡೂ ಕೈಯಲ್ಲಿ ತಬ್ಬಿ ಹೇಗೋ ಜೋತುಬಿದ್ದ. ಒಂದು ಕೈ ಬಿಟ್ಟು ಹಲಗೆಗೆ ಗುದ್ದೋಣವೆಂದರೆ ಆ ಕ್ಷಣವೇ ದೋಣಿಯಡಿಗೆ ಹೋಗಬೇಕು. ಕಾಲುಗಳು ಆಗಲೇ ತಳದ ಕೆಳಗೆ ಎಳೆಯುತ್ತಿದ್ದವು. ಮುಂದೆ ಹೊಸ್ತಿಲುಗಲ್ಲು. ಅದರ ಮೇಲೆ ಮೊಳಕಾಲಷ್ಟು ನೀರು. ಹುಲ್ಲಿನ ದೋಣಿ ದಾಟೀತು, ಅದರಡಿ ಸಿಕ್ಕ ಮನುಷ್ಯ ಅರೆದುಹೋದಾನು.

ಹಿಂದೆ ನಿಂತ ಬೀರಮ್ಮನಿಗೆ ಇದೊಂದೂ ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ: ದೋಣಿಯ ಮುಂತುದಿ ಹಗುರಾಗಿ ಒಂದು ಬೆರಳು ಮೇಲೆದ್ದಿತು. ಗಂಡ ಕೂತನೇ? ದಡಕ್ಕೆ ಹಾರಿದನೇ? "ಹ್ವಾಯ್!" ಎಂದು ಕೂಗಿದಳು. ಹುಲ್ಲು ನುಂಗಿತು. ಹಿಮ್ಮಡಿಯಿಂದ ಹಲಗೆಗೆ ಗುದ್ದಿದಳು. ಉತ್ತರವಿಲ್ಲ. ನೆಟ್ಟಗಿನ ಕಾಲುವೆಯಲ್ಲಿ ಕುಟ್ಟದಿರುವುದೇ ಸರಿ, ಅದೇ ಪದ್ಧತಿ. ಮೇಲಾಗಿ ಅವನಿಗೆ ಸಿಟ್ಟು. ಚುಕ್ಕಾಣಿ ಬಿಟ್ಟು ಹುಲ್ಲು ಹತ್ತಿ ನೋಡುವಷ್ಟರಲ್ಲಿ ದೋಣಿ ಕಂಬಕ್ಕೆ ಬಡಿದೀತು. ಮತ್ತೆ ಗುದ್ದಿದಳು. ಕಂಬಗಳು ಹತ್ತಿರವಾದವು. ಸುಮ್ಮನಿದ್ದರೆ ದೋಣಿ ಉಳಿಯುತ್ತದೆ. ತಿರುಗಿಸಿದರೆ ಗೋಡೆಗೆ ಬಡಿದು ಮನೆಯೇ ಹೋಗುತ್ತದೆ. ಅವನು ಮುಂದೆ ಸುಮ್ಮನೆ ಮುನಿಸಿಕೊಂಡು ಕೂತಿದ್ದರೆ ಈ ಜನ್ಮವಿಡೀ ಆಡಿಕೊಳ್ಳುತ್ತಾನೆ. ಬಿದ್ದಿದ್ದರೆ ಬಲಕ್ಕೇ ಬಿದ್ದಿರುತ್ತಾನೆ, ಗಳ ಊರುವುದು ಆ ಬದಿಗೇ, ಮೂತಿ ಆ ಗೋಡೆಗೆ ಬಡಿಯಬಾರದು, ಎಂದಷ್ಟೇ ಅವಳಿಗೆ ಹೊಳೆಯಿತು. "ಹಾಳಾಗಿ ಹೋಗಲಿ ದೋಣಿ!" ಎಂದವಳೇ ಮೈಭಾರವನ್ನೆಲ್ಲ ಹಾಕಿ ದೋಣಿಯನ್ನು ಎಡಕ್ಕೆ ತಿರುಗಿಸಿಬಿಟ್ಟಳು.

ಮೂತಿ ಎಡಗೋಡೆಗೆ, ಬಾಲ ಬಲಗೋಡೆಗೆ ಬಡಿದು ದೋಣಿ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡಿತು. ಇಳಿತದ ನೀರು ಒತ್ತಿ ಒತ್ತಿ ನಡುಹಲಗೆ ಸೀಳಿತು. ಒಲೆ ಮುಳುಗಿತು, ಹುಲ್ಲೆಲ್ಲ ಚೆಲ್ಲಾಪಿಲ್ಲಿಯಾಯಿತು. ಗದ್ದೆಯಲ್ಲಿದ್ದವರು ಓಡಿಬಂದು, ಕೈ ಚಾಚುವುದು ಬಿಟ್ಟು ಬಾಯಿ ಚಾಚಿದರು. "ಹೆಂಗಸಿನ ಕೈಗೆ ಚುಕ್ಕಾಣಿ ಕೊಟ್ಟರೆ ಇನ್ನೆಂತ ಆಗ್ತದೆ? ನೆಟ್ಟಗಿನ ಕಾಲುವೆಲಿ ತಿರುಗಿಸಿದ್ಳಲ್ಲ, ಮಾರಾಯಾ!" ಎಂದರು. ಆ ಹೊತ್ತಿಗೆ ಮುರಿದ ದೋಣಿಯ ಆಚೆಯಿಂದ ಮೈತುಂಬ ಕೆಸರಿನ ಜಟ್ಟಿ ಮೇಲೆದ್ದ. ಅವನನ್ನು ಕಂಡದ್ದೇ ಬೀರಮ್ಮ ಗೋಳೋ ಎಂದು ಅತ್ತಳು. "ಉಪ್ಪು ಹೆಚ್ಚಾದ ಸಿಟ್ಟಿಗೆ ಸುಮ್ಮನಿದ್ರಿ ಅಂದ್ಕೊಂಡೆ!" ಎಂದಳು. ಜಟ್ಟಿ ನೆರೆದವರ ಕಡೆ ತಿರುಗಿದ. "ನಾನು ಕುಟ್ಟಲೇ ಇಲ್ಲ. ಆದ್ರೂ ಅವಳಿಗೆ ಕೇಳ್ತು. ಇನ್ನು ಅವಳ ಚುಕ್ಕಾಣಿ ವಿಷಯ ಯಾರೂ ಎತ್ತಬೇಡಿ," ಎಂದ. ಬೀರಮ್ಮನ ತಿರುವು ಎಂದು ಆಡಿಕೊಳ್ಳಲು ಹುಟ್ಟಿದ ಹೆಸರೇ ಅಂದಿನಿಂದ ಊರಿಗೆ ಗೌರವದ ಹೆಸರಾಯಿತು ಎನ್ನುತ್ತಾರೆ.

ಬಂದವರು ಈಗಲೂ ಎಡಗೋಡೆಯಲ್ಲಿ ಅಂಗೈ ಹಿಡಿಸುವಷ್ಟು ಆಳದ ಒಂದು ಗಾಯವನ್ನು ಕಾಣಬಹುದು. ಬಲಗೋಡೆಯಲ್ಲಿ, ತುಸು ಹಿಂದಕ್ಕೆ, ಅದರ ಜೋಡಿ ಇದೆ. ದೋಣಿ ಬಡಿದದ್ದು ಅಲ್ಲಿ. ನಾನು ಯಾರಿಗೂ ಹೆಚ್ಚು ವಿವರಿಸಲು ಹೋಗುವುದಿಲ್ಲ. ಎಡಗೋಡೆಯ ಗಾಯದಿಂದ ಹೊಸ್ತಿಲುಗಲ್ಲಿನವರೆಗೆ ದಂಡೆಯ ಮೇಲೆ ತೋಳು ಚಾಚಿ ಅಳೆದು ಬನ್ನಿ ಎನ್ನುತ್ತೇನೆ. ನಗುತ್ತ ಹೋದವರು ಮತ್ತೊಮ್ಮೆ ಅಳೆದು ಮರಳುತ್ತಾರೆ. ಉಳಿದಿದ್ದದ್ದು ಐದೇ ಮಾರು.