ಮೇಜಿನಡಿಯ ಬಿದಿರುಕಡ್ಡಿ

ದಸ್ತಗೀರ್ ಮೇಷ್ಟ್ರು ತಮ್ಮ ರಿಮೋಟ್ ವಿಮಾನಕ್ಕೆ ಫೋಮ್ ಬೋರ್ಡಿನ ರೆಕ್ಕೆ ಕತ್ತರಿಸಿಟ್ಟಿದ್ದರು. ಮೇಜಿನ ಮೇಲಿದ್ದ ಬಿದಿರುಕಡ್ಡಿ ರೆಕ್ಕೆಗೆ ಹೇಳಿತು: "ನನ್ನನ್ನು ಒಳಗೆ ಸೇರಿಸಿಕೊ. ಇಲ್ಲದಿದ್ದರೆ ಗಾಳಿಯಲ್ಲಿ ತಿರುಗುವಾಗ ಮಡಚಿಹೋಗುತ್ತೀಯ."

"ನಿನ್ನ ಭಾರ ಹೊತ್ತು ಹಾರಲೇ? ನನಗೆ ಮೇಲೊಂದು ಕೆಂಪು ಟೇಪು ಸಾಕು," ಎಂದಿತು ರೆಕ್ಕೆ.

ಕಡ್ಡಿಗೆ ರೋಷ ಬಂತು. ಮೇಷ್ಟ್ರು ಅಂಟು ಹಚ್ಚಲು ಅದನ್ನು ಎತ್ತಿಕೊಂಡಾಗ ಬೇಕೆಂದೇ ಕೈಜಾರಿ ಮೇಜಿನಡಿ ಸೇರಿಕೊಂಡಿತು. ಮೇಷ್ಟ್ರು ಹುಡುಕಿದರು, ಸಿಗಲಿಲ್ಲ. ರೆಕ್ಕೆಗೆ ಬರೀ ಟೇಪು ಅಂಟಿಸಿ ವಿಮಾನವನ್ನು ಮೈದಾನಕ್ಕೆ ಒಯ್ದರು.

ಸಂಜೆ ರೆಕ್ಕೆ ಎರಡು ತುಂಡಾಗಿ ಮನೆಗೆ ಬಂತು. ಟೇಪು ಇನ್ನೂ ಹೊಳೆಯುತ್ತಿತ್ತು.

"ತಪ್ಪು ನನ್ನದೇ ಅಣ್ಣಾ, ನಿನ್ನನ್ನು ಬೇಡವೆಂದೆ," ಎಂದಿತು ರೆಕ್ಕೆ.

ಮೇಜಿನಡಿಯಿಂದ ಕಡ್ಡಿ ಮೆಲ್ಲಗೆ ಹೇಳಿತು: "ನೀನು ಬೇಡವೆಂದರೂ ಮೇಷ್ಟ್ರು ನನ್ನನ್ನು ಎತ್ತಿಕೊಂಡಿದ್ದರು, ತಮ್ಮಾ."