ಸಕ್ಕರೆ ನೀರಿನ ಕಾವಲು

ಹಿತ್ತಿಲಿನ ದಾಸವಾಳದ ಕೊಂಬೆಗೆ ಮನೆಯವರು ಸಕ್ಕರೆ ನೀರಿನ ಬಾಟಲಿ ಕಟ್ಟಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿದರು. ಬಾಟಲಿಯನ್ನು ಮೊದಲು ಕಂಡ ಗಂಡು ಸೂರಕ್ಕಿ ಅದು ತನ್ನದೆಂದು ಸಾರಿ, ಹತ್ತಿರ ಬಂದ ಹಕ್ಕಿಗಳನ್ನೆಲ್ಲ ಅಟ್ಟತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅದರ ರೆಕ್ಕೆ ನಡುಗುತ್ತಿತ್ತು.

"ಅಯ್ಯಾ, ಬೆಳಗಿನಿಂದ ನಿನ್ನ ಇನ್ನೂರು ಚಿತ್ರ ತೆಗೆದಿದ್ದೇನೆ," ಎಂದಿತು ಕ್ಯಾಮೆರಾ. "ಒಂದರಲ್ಲೂ ನೀನು ಕುಡಿಯುತ್ತಿಲ್ಲ."

"ಇವರೆಲ್ಲ ತೊಲಗಲಿ, ಆಮೇಲೆ ನೆಮ್ಮದಿಯಾಗಿ ಕುಡಿಯುತ್ತೇನೆ," ಎಂದ ಸೂರಕ್ಕಿ ತಲೆ ಸುತ್ತಿ ಕೊಂಬೆಯ ಮೇಲೆ ಕುಸಿಯಿತು.

ಅದು ಅಟ್ಟಿದ್ದ ಹೆಣ್ಣು ಸೂರಕ್ಕಿಯೊಂದು ಬಂದು, ಹೊಟ್ಟೆ ತುಂಬ ಕುಡಿದು ಪಕ್ಕಕ್ಕೆ ಸರಿಯಿತು.

"ಇದು ನನ್ನದು!" ಎಂದು ಗಂಡು ಏದುಸಿರುಬಿಟ್ಟಿತು.

"ನಿನ್ನದೇ ಅಣ್ಣಾ, ಯಾರು ಇಲ್ಲವೆಂದರು? ಬಾ, ಕುಡಿ," ಎಂದಿತು ಹೆಣ್ಣು.

ಗಂಡು ಕೊಕ್ಕು ಚಾಚಿತು. ಬೇಲಿಯಾಚೆ ಇನ್ನೊಂದು ಹಕ್ಕಿ ಕೂಗಿತು. ಕೊಕ್ಕು ಒದ್ದೆಯಾಗುವ ಮೊದಲೇ ಗಂಡು ಸೂರಕ್ಕಿ ಅತ್ತ ಹಾರಿತು.