ದೇವಿಯ ಉಪ್ಪು ಕರಗಿದ ದಿನ

ಅಳಿವೆ ಅಜ್ಜಯ್ಯನವರು ವಾಸವಾಗಿದ್ದುದು ನಮ್ಮ ಉಪ್ಪಿನ ಗದ್ದೆಗಳ ಅಂಚಿನಲ್ಲಿ, ಹೊಳೆ ಕಡಲು ಸೇರುವ ಕಡೆ. ತೆಂಗಿನ ಗರಿಯ ಮಾಡು, ಒಂದು ಚಾಪೆ, ಗಂಜಿ ಕಾಯಿಸುವ ಮಡಕೆ, ಅಷ್ಟೇ ಅವರ ಮಠ. ಬಿಸಿಲೇರುವ ಮೊದಲು ಗದ್ದೆಗಿಳಿಯುವ ಹೆಂಗಸರು ಅವರಿಗೆ ಕೈಮುಗಿದೇ ಮುಂದೆ ಹೋಗುತ್ತಿದ್ದರು. ಅಂಥ ಬೆಳಗುಗಳು ಈಗೆಲ್ಲಿ ಬಂದಾವು. ಈ ಸಂಗತಿಯನ್ನು ನನ್ನ ಅತ್ತೆ ಕಣ್ಣಾರೆ ಕಂಡವರು. ಹೇಳುವಾಗಲೆಲ್ಲ ಅವರ ದನಿ ಮೆತ್ತಗಾಗುತ್ತಿತ್ತು.

ವರ್ಷದ ಮೊದಲ ಉಪ್ಪು ಊರ ದೇವಿಗೆ ಸಲ್ಲಬೇಕು. ಆ ವರ್ಷ ಎರಡು ಸೇರು ಒಪ್ಪಿಸುವ ಸರದಿ ಬೀರಕ್ಕನ ಮನೆಯದು. ಉಪ್ಪಿಗೆ ಕೆಸರು ಹತ್ತಿತ್ತು. "ತೊಳೆದಿಡು" ಎಂದು ಸೊಸೆ ಹೊನ್ನಿಗೆ ಹೇಳಿ ಬೀರಕ್ಕ ಕೆಲಸಕ್ಕೆ ಹೋದಳು. ಉಪ್ಪನ್ನು ಗದ್ದೆಯ ಉಪ್ಪುನೀರಿನಲ್ಲೇ ತೊಳೆಯಬೇಕೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹೊನ್ನಿ ಘಟ್ಟದ ಮೇಲಿನವಳು, ಬಂದು ಎಂಟು ತಿಂಗಳು. ಪಾಪ, ಅಕ್ಕಿ ತೊಳೆದ ಹಾಗೆ ಬಾವಿಯ ಸಿಹಿನೀರಿನಲ್ಲಿ ತೊಳೆದಳು. ತೊಳೆದಷ್ಟೂ ಕಡಿಮೆಯಾಯಿತು. ಕೊನೆಗೆ ಒಂದು ಹರಳೂ ಉಳಿಯಲಿಲ್ಲ. ತೊಳೆದ ನೀರನ್ನು ಮಾತ್ರ, ತವರಿನಲ್ಲಿ ಕಲಗಚ್ಚು ದನಕ್ಕೆ ಎತ್ತಿಡುವ ರೂಢಿಯಂತೆ, ಕೊಡಕ್ಕೆ ಸುರಿದಿಟ್ಟಿದ್ದಳು.

"ದೇವಿಯ ಉಪ್ಪು ಕಳೆದವಳು ನನ್ನ ಮನೆಯಲ್ಲಿರೋದು ಬೇಡ. ನಾಳೆಯೇ ಘಟ್ಟ ಹತ್ತಿಸ್ತೇನೆ" ಎಂದಳು ಬೀರಕ್ಕ.

"ಒಂದು ಮಾತು ಅಜ್ಜಯ್ಯನವರನ್ನು ಕೇಳೇ" ಎಂದರು ನನ್ನ ಅತ್ತೆ.

"ಗಂಜಿಗೆ ಉಪ್ಪು ನಮ್ಮ ಹತ್ತಿರ ಬೇಡಿ ತಿನ್ನೋರು ಅವರು. ಉಪ್ಪಿನ ವಿಷಯ ನನಗೇನು ಹೇಳ್ತಾರೆ?"

ಹಾಗೆ ಅಂದರೂ ಹೋದಳು, ಹೊನ್ನಿಯ ತಲೆಯ ಮೇಲೆ ಆ ಕೊಡ ಹೊರಿಸಿಕೊಂಡು.

ಅಜ್ಜಯ್ಯನವರು ಎಲ್ಲವನ್ನೂ ಕೇಳಿದರು. ಎರಡು ತೆಂಗಿನ ಗರಟೆ ತರಿಸಿ, ಒಂದಕ್ಕೆ ಉಪ್ಪಿನ ಗದ್ದೆಯ ನೀರು, ಇನ್ನೊಂದಕ್ಕೆ ಕುಡಿಯುವ ನೀರು ಹಾಕಿದರು. ಎರಡಕ್ಕೂ ಚಿಟಿಕೆ ಉಪ್ಪು ಹಾಕಿ ಬೀರಕ್ಕನ ಕೈಯಲ್ಲೇ ಕಲಕಿಸಿದರು. ಸಿಹಿನೀರಿನಲ್ಲಿ ಉಪ್ಪು ಕಾಣೆಯಾಯಿತು. ಗದ್ದೆಯ ನೀರಿನಲ್ಲಿ ಎಷ್ಟು ಕಲಕಿದರೂ ತಳಕ್ಕೇ ಬಂದು ಕೂತಿತು.

"ತುಂಬಿದ ನೀರು ಹೊಸಬರನ್ನು ಸೇರಿಸಿಕೊಳ್ಳೋದಿಲ್ಲ ತಾಯಿ" ಎಂದರು ಅಜ್ಜಯ್ಯನವರು. "ಎಂಟು ತಿಂಗಳಿಂದ ಈ ಕೂಸು ನಿನ್ನ ಮನೆಯ ತಳದಲ್ಲೇ ಕೂತಿದೆ."

ಬೀರಕ್ಕ ಗರಟೆಯನ್ನೇ ನೋಡುತ್ತಿದ್ದಳು.

"ದೇವಿಯ ಉಪ್ಪು ಕೊಡದಲ್ಲೇ ಇದೆ. ಕೆಸರು ಇಳಿಯಲಿ. ತಿಳಿನೀರನ್ನು ಹರಿವಾಣಗಳಿಗೆ ಹೊಯ್ದು ಬಿಸಿಲಿಗಿಡು" ಎಂದು ಹೇಳಿ ಅವರು ಗಂಜಿಯ ಒಲೆಯ ಕಡೆ ತಿರುಗಿದರು.

ಆರನೆಯ ದಿನ ಹರಿವಾಣಗಳ ತುಂಬ ಮಲ್ಲಿಗೆಯಂಥ ಉಪ್ಪು. ಅಷ್ಟು ಬಿಳಿಯ ಉಪ್ಪನ್ನು ನಮ್ಮ ಊರು ಕಂಡಿರಲಿಲ್ಲವಂತೆ. ಬೀರಕ್ಕ, ಹೊನ್ನಿ ಇಬ್ಬರೂ ಅದನ್ನು ಬುಟ್ಟಿಗೆ ತುಂಬಿ ಹೊತ್ತು ದೇವಿಯ ಗುಡಿಗೆ ಹೊರಟರು. ಗದ್ದೆಯ ಬದುವಿನ ಮೇಲೆ ಬೀರಕ್ಕ ಹಿಂದೆ ತಿರುಗಿ, "ನಿಮ್ಮ ತವರಲ್ಲಿ ಹಬ್ಬಕ್ಕೆ ಏನು ಅಡುಗೆ ಮಾಡ್ತಾರೆ ಮಗಾ?" ಎಂದು ಕೇಳಿದಳು. ಹೊನ್ನಿ ಮೆಲ್ಲಗೆ ಶುರುಮಾಡಿದಳು. ಗುಡಿ ಬಂದರೂ ಮಾತು ಮುಗಿದಿರಲಿಲ್ಲ. ಬೀರಕ್ಕ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತು, ಪೂರ್ತಿ ಕೇಳಿಯೇ ಒಳಗೆ ಹೋದಳಂತೆ.